ಗುತ್ತಿಯ ನೀಲಿ ಜೇಡ ಪರದೇಶದ ಗಾಜಿನ ಪೆಟ್ಟಿಗೆ ಸೇರಿದ ಕಥೆ

ಬಳ್ಳಾರಿಯಲ್ಲಿ ರೈಲು ಹತ್ತಿ ಗುಂತಕಲ್ ದಾಟಿದರೆ ಗುತ್ತಿ ಜಂಕ್ಷನ್. ಅಲ್ಲಿ ರೈಲ್ವೆಯವರು ಮರದ ದಿಮ್ಮಿ ಪೇರಿಸಿಡುತ್ತಿದ್ದ ಜಾಗದಲ್ಲಿ ಒಂದು ಜೇಡ ಸಿಕ್ಕಿತು. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ರೆಜಿನಾಲ್ಡ್ ಪೋಕಾಕ್ 1899ರಲ್ಲಿ ಅದನ್ನು ವಿವರಿಸಿ, ಪೀಸಿಲೋಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. ಲೋಹದಂತೆ ಹೊಳೆಯುವ ನೀಲಿ ಮೈ, ಕಾಲಿನ ಮೇಲೆ ಹಳದಿ ಮಚ್ಚೆ. ಬೆಳೆದ ಹೆಣ್ಣು ಕಾಲು ಚಾಚಿದರೆ 15ರಿಂದ 20 ಸೆಂಟಿಮೀಟರ್. ಆಮೇಲೆ ಒಂದು ಶತಮಾನ ಅದರ ಸುದ್ದಿಯೇ ಇರಲಿಲ್ಲ. ಈಗ ಜರ್ಮನಿ, ಬ್ರಿಟನ್, ಅಮೆರಿಕದ ಮನೆಗಳಲ್ಲಿ ಅದು ಪೀಳಿಗೆಯ ಮೇಲೆ ಪೀಳಿಗೆ ಮರಿ ಹಾಕುತ್ತಿದೆ.

ಗುತ್ತಿಯ ಜೇಡವೂ ಸೇರಿದಂತೆ ಟರಾಂಟುಲಾ ಎಂಬ ದೊಡ್ಡ ಜೇಡಗಳನ್ನು ಸಾಕುವ ಹವ್ಯಾಸವನ್ನು ಪಶ್ಚಿಮದಲ್ಲಿ ಬೆಳೆಸಿದ್ದು ಮೆಕ್ಸಿಕೋದ ಕೆಂಪು ಮಂಡಿಯ ಜೇಡ. ಸ್ವಭಾವದಲ್ಲಿ ಸಾಧು, ನೋಡಲು ಚೆಂದ, ಹೆಣ್ಣಾದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಆಯುಸ್ಸು. ಕಾಡಿನಿಂದ ಅದನ್ನು ಎತ್ತಿ ತರುವ ವ್ಯಾಪಾರ ಎಷ್ಟು ಹೆಚ್ಚಿತೆಂದರೆ, 1985ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೇ ಪಟ್ಟಿಗೆ ಅದನ್ನು ಸೇರಿಸಬೇಕಾಯಿತು. ಪರವಾನಗಿಯಿಲ್ಲದೆ ಗಡಿ ದಾಟಿಸುವುದು ನಿಷಿದ್ಧವಾದ ಮೇಲೆ ಮನೆಯಲ್ಲೇ ಮರಿ ಮಾಡಿಸುವ ವಿದ್ಯೆಗೆ ಬೆಲೆ ಬಂತು. ಹಾಗೆ ಪಳಗಿದ ಕೈಗಳು ಹೊಸ ಬಣ್ಣದ ಜೇಡಕ್ಕಾಗಿ ಕಾಯುತ್ತಿದ್ದವು.

2001ರಲ್ಲಿ ಆಂಧ್ರದ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ನೀಲಿ ಜೇಡ ಮತ್ತೆ ಕಾಣಿಸಿತು. ಗುತ್ತಿಯಿಂದ ಆ ಕಾಡು ಸುಮಾರು ನೂರು ಕಿಲೋಮೀಟರ್ ದೂರ. ಹಿಂದೆ ಪೋಕಾಕ್ ವಿವರಿಸಿದ ಜೇಡ ದಿಮ್ಮಿಗಳ ಜೊತೆ ರೈಲಿನಲ್ಲಿ ಬಂದಿದ್ದಿರಬೇಕು ಎಂದು ಸಂಶೋಧಕರು ಊಹಿಸಿದರು. ಈ ಸುದ್ದಿ ತಿಳಿದ ಕೆಲವೇ ವರ್ಷಗಳಲ್ಲಿ ಅದು ವಿದೇಶಿ ಸಾಕಣೆದಾರರ ಕೈ ಸೇರಿತು. ಕಾಡುಪ್ರಾಣಿಗಳ ರಫ್ತನ್ನು ನಿಷೇಧಿಸಿರುವ ದೇಶದಿಂದ ಅದು ನೇರ ದಾರಿಯಲ್ಲಿ ಹೋಗಿರಲು ಸಾಧ್ಯವಿಲ್ಲ. ಮೊದಮೊದಲು ಒಂದೊಂದಕ್ಕೆ ನೂರಾರು ಡಾಲರ್ ಬೆಲೆಯಿತ್ತು. ಮರಿಗಳು ಹೆಚ್ಚಿದಂತೆ ಇಳಿಯಿತು.

ಮರಿ ಮಾಡಿಸುವುದು ತಾಳ್ಮೆಯ ಕೆಲಸ. ಮೊದಲು ಗಂಡು ಯಾವುದು, ಹೆಣ್ಣು ಯಾವುದು ಎಂದು ತಿಳಿಯಬೇಕು. ಜೇಡ ಕಳಚಿದ ಪೊರೆಯನ್ನು ನೀರಿನಲ್ಲಿ ನೆನೆಸಿ, ಹೊಟ್ಟೆಯ ಭಾಗವನ್ನು ಬಿಡಿಸಿ, ಭೂತಗನ್ನಡಿಯಲ್ಲಿ ನೋಡುತ್ತಾರೆ. ವೀರ್ಯ ಶೇಖರಿಸುವ ಪುಟ್ಟ ಚೀಲದ ಗುರುತಿದ್ದರೆ ಹೆಣ್ಣು. ಗುತ್ತಿಯ ಜೇಡದಲ್ಲಿ ಹೆಣ್ಣು ಹನ್ನೊಂದು, ಹನ್ನೆರಡು ವರ್ಷ ಬಾಳುತ್ತದೆ. ಗಂಡಿಗೆ ಮೂರು, ನಾಲ್ಕು ವರ್ಷ ಅಷ್ಟೆ. ಒಂದೇ ಹೊಟ್ಟೆಯ ಮರಿಗಳಲ್ಲಿ ಗಂಡು ಬೇಗ ಬಲಿತು, ಹೆಣ್ಣು ಬಲಿಯುವ ಹೊತ್ತಿಗೆ ಸತ್ತೇಹೋಗಬಹುದು. ಅದಕ್ಕೇ ಸಾಕಣೆದಾರರು ಗಂಡನ್ನು ಪರಸ್ಪರ ಎರವಲು ಕೊಡುತ್ತಾರೆ. ವರ ಪಾರ್ಸೆಲ್ಲಿನಲ್ಲಿ ಹೋಗುತ್ತಾನೆ. ಹುಟ್ಟಿದ ಮರಿಗಳಲ್ಲಿ ಅರ್ಧ ಪಾಲು ಅವನನ್ನು ಕಳಿಸಿದವರಿಗೆ.

ಬಲಿತ ಗಂಡು ಪುಟ್ಟ ಬಲೆ ನೇಯ್ದು, ಅದರ ಮೇಲೆ ವೀರ್ಯ ಬಿಟ್ಟು, ಬಾಯಿಯ ಪಕ್ಕದ ಕಿರುಗಾಲುಗಳ ತುದಿಯಲ್ಲಿ ಹೀರಿಟ್ಟುಕೊಳ್ಳುತ್ತದೆ. ಹೆಣ್ಣಿನ ಪೆಟ್ಟಿಗೆಗೆ ಬಿಟ್ಟಾಗ ತೊಗಟೆಯ ಮೇಲೆ ಕಾಲಿನಿಂದ ತಟ್ಟುತ್ತದೆ. ಹೆಣ್ಣು ತಿರುಗಿ ತಟ್ಟಿದರೆ ಒಪ್ಪಿಗೆ. ಹೊಟ್ಟೆ ಹಸಿದ ಹೆಣ್ಣು ವರನನ್ನೇ ತಿಂದುಬಿಡಬಹುದು. ಹಾಗಾಗಿ ಮೊದಲೇ ಅದಕ್ಕೆ ಹೊಟ್ಟೆತುಂಬ ಉಣಿಸಿರುತ್ತಾರೆ. ತಿಂಗಳುಗಳು ಕಳೆದ ಮೇಲೆ ರೇಷ್ಮೆಯ ಚೀಲದಲ್ಲಿ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ನೂರರ ಆಸುಪಾಸು. ಕೆಲವರು ತಿಂಗಳ ಬಳಿಕ ಚೀಲವನ್ನು ತಾಯಿಯಿಂದ ಬಿಡಿಸಿ, ಹದವಾದ ಬಿಸಿ ಮತ್ತು ತೇವದಲ್ಲಿ ಮರಿ ಮಾಡಿಸುತ್ತಾರೆ. ಹೊರಬಂದ ಮರಿಗಳಿಗೆ ಮೊದಲು ಹಣ್ಣುನೊಣ, ಬೆಳೆದಂತೆ ಜಿರಳೆ.

ಕಚ್ಚಿದರೆ? ಅಮೆರಿಕ ಖಂಡದ ಹಲವು ಟರಾಂಟುಲಾಗಳು ತುರಿಕೆಯ ಕೂದಲು ಉದುರಿಸಿ ವೈರಿಯನ್ನು ಓಡಿಸುತ್ತವೆ. ಗುತ್ತಿಯ ಜೇಡಕ್ಕೆ ಆ ಆಯುಧವಿಲ್ಲ. ಮಿಂಚಿನಂತೆ ಓಡುತ್ತದೆ, ದಾರಿ ಕಟ್ಟಿದರೆ ಕಚ್ಚುತ್ತದೆ. ಪೀಸಿಲೋಥೀರಿಯಾ ಕುಲದ ಜೇಡ ಕಚ್ಚಿದರೆ ವಿಪರೀತ ನೋವು. ಸ್ನಾಯು ಸೆಳೆತ ದಿನಗಟ್ಟಲೆ ಕಾಡಬಹುದು. ಅನುಭವಸ್ಥರು ಇದನ್ನು ಕೈಯಲ್ಲಿ ಆಡಿಸುವುದಿಲ್ಲ. ಇದರ ನೀಲಿ ವರ್ಣದ್ರವ್ಯದಿಂದ ಬಂದದ್ದಲ್ಲ, ಕೂದಲಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ಕೊಡುವ ಬಣ್ಣ. ಟರಾಂಟುಲಾಗಳ ವಂಶದಲ್ಲಿ ನೀಲಿ ಕನಿಷ್ಠ ಎಂಟು ಸಲ ಬೇರೆಬೇರೆಯಾಗಿ ವಿಕಾಸಗೊಂಡಿದೆ ಎಂದು 2015ರ ಅಧ್ಯಯನವೊಂದು ಹೇಳಿತು.

ಹೊರಗೆ ಮರಿಗಳು ಹೆಚ್ಚುತ್ತಿದ್ದರೂ ತವರಿನಲ್ಲಿ ಪರಿಸ್ಥಿತಿ ಬೇರೆ. 2008ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ ಈ ಜೇಡವನ್ನು ಅಳಿವಿನ ಅಂಚಿನಲ್ಲಿರುವ ಜೀವಿ ಎಂದು ಸಾರಿತು. ಆಗ ತಿಳಿದಿದ್ದ ನೆಲೆ ನೂರು ಚದರ ಕಿಲೋಮೀಟರಿಗೂ ಕಡಿಮೆ. ಅದು ವಾಸಿಸುವುದು ಹಳೆಯ ಮರಗಳ ಪೊಟರೆಯಲ್ಲಿ. ಸೌದೆಗೆಂದು ಮರ ಕಡಿದರೆ ಮನೆಯೇ ಹೋಯಿತು. ಸೈಟಿಸ್ ಇಡೀ ಕುಲವನ್ನು ಪಟ್ಟಿಗೆ ಸೇರಿಸಿದ್ದು 2019ರಲ್ಲಿ. ನಮ್ಮ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಬಂದ ಮೇಲೆ ಸೈಟಿಸ್ ಪಟ್ಟಿಯ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಲೇಬೇಕು.

ಮನೆಯಲ್ಲಿ ಹುಟ್ಟಿದ ಮರಿ ಅಗ್ಗವಾಗಿ ಸಿಕ್ಕಷ್ಟೂ ಕಾಡಿನಿಂದ ಕದಿಯುವ ಲಾಭ ಕಡಿಮೆಯಾಗುತ್ತದೆ. ಈ ಹವ್ಯಾಸದ ಉಪಕಾರ ಅಲ್ಲಿಗೆ ಮುಗಿಯಿತು. ಪೊಟರೆಯ ಮರಗಳೇ ಇಲ್ಲವಾದರೆ ಎಷ್ಟು ಮರಿಗಳಿದ್ದರೂ ಅವನ್ನು ಬಿಡಲು ಜಾಗವಿರುವುದಿಲ್ಲ. ಈ ಮಾತು ನಮಗೂ ಸಲ್ಲುತ್ತದೆ. ಪಶ್ಚಿಮ ಘಟ್ಟದಲ್ಲಿ ಇದೇ ಕುಲದ ಜೇಡಗಳಿವೆ. ಅವುಗಳಲ್ಲೊಂದು ವಿದೇಶಿ ಸಾಕಣೆದಾರರ ನಡುವೆ 'ಮೈಸೂರ್ ಆರ್ನಮೆಂಟಲ್' ಎಂದೇ ಹೆಸರಾಗಿದೆ. ತೋಟದ ಹಳೆಯ ಮರದಲ್ಲಿ ಅಂಗೈಯಗಲದ ಜೇಡ ಕಂಡರೆ ಹೊಡೆಯಬೇಡಿ, ಹಿಡಿಯಬೇಡಿ. ಹಿಡಿದು ಮಾರುವವರು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.