ನೀರಿನೊಡನೆ ಬಿದಿರಿಗೆ ಗೊಬ್ಬರ: ತರಗತಿಯಲ್ಲಿ ಎದ್ದ ಪ್ರಶ್ನೆ

ಕಕ್ಕಿಂಜೆಯಲ್ಲಿ ಬೋಧನಾಭ್ಯಾಸಕ್ಕಿದ್ದಾಗ ಒಂಬತ್ತನೆಯ ತರಗತಿಗೆ ರಸಾವರಿಯ ಪಾಠ ಮಾಡಿದೆ. ಕರಗಿದ ಗೊಬ್ಬರವನ್ನು ನೀರಾವರಿಯ ಪೈಪಿನಲ್ಲೇ ಬುಡಕ್ಕೆ ಕಳಿಸುವ ಕ್ರಮವಿದು. ಅಡಿಕೆಯ ಉದಾಹರಣೆ ಮಕ್ಕಳಿಗೆ ಹಳತೆನಿಸಿ ಬಿದಿರನ್ನು ಆರಿಸಿಕೊಂಡೆ. ಮೂಡುಬಿದಿರೆಯ ಹೆಸರಿನಲ್ಲೇ ಬಿದಿರುಂಟು, ಕಣಿಲೆಯ ಪಲ್ಯ ಎಲ್ಲರೂ ಉಂಡದ್ದು. ಪೀಠಿಕೆಗೆ ಅಷ್ಟು ಸಾಕಾಯಿತು.

ಕಣಿಲೆ ಏಳುವುದು ಮಳೆಗಾಲದಲ್ಲಿ, ಡ್ರಿಪ್ ಬಿಡುವುದು ಬೇಸಗೆಯಲ್ಲಿ. ಹಾಗಾದರೆ ಬೇಸಗೆಯ ಗೊಬ್ಬರದಿಂದ ಏನು ಪ್ರಯೋಜನ? ಪಾಠದ ತಿರುಳು ಇಲ್ಲಿದೆ. ಎಳೆಯ ಕಣಿಲೆಗೆ ಎಲೆಯಿಲ್ಲ. ತನಗೆ ಬೇಕಾದ ಆಹಾರ ತಾನು ತಯಾರಿಸಲಾರದು. ಹಳೆಯ ಗಳುಗಳು ತಯಾರಿಸಿ, ತಮ್ಮಲ್ಲೂ ನೆಲದೊಳಗಿನ ಗುಪ್ತಕಾಂಡದಲ್ಲೂ ಕೂಡಿಟ್ಟದ್ದನ್ನು ಉಂಡೇ ಅದು ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರಕ್ಕೇರುತ್ತದೆ. ಬೇಸಗೆಯ ಗೊಬ್ಬರ ಈ ಕೂಡಿಡುವ ಕೆಲಸಕ್ಕೆ ನೆರವಾಗುತ್ತದೆ. ನಮ್ಮ ಮುರಕಲ್ಲು ಮಣ್ಣಿನಲ್ಲಿ ಜಡಿಮಳೆ ಬಂದರೆ ಸಾರಜನಕ ಬಸಿದುಹೋಗುತ್ತದೆ. ಆದ್ದರಿಂದಲೇ ಒಮ್ಮೆಲೇ ಸುರಿಯದೆ, ಮಳೆಗೆ ಮೊದಲು ಸಣ್ಣ ಕಂತುಗಳಲ್ಲಿ ಕೊಡುವುದು.

ಲೆಕ್ಕದಲ್ಲಿ ನಾನು ಎಡವಿದೆ. 20 ಮೆಳೆಗಳು, ಒಂದು ಕಂತಿಗೆ ಮೆಳೆಯೊಂದಕ್ಕೆ 20 ಗ್ರಾಂ ಸಾರಜನಕ ಎಂದು ಹಿಡಿದು (ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ, ಶಿಫಾರಸಲ್ಲ) ‘400 ಗ್ರಾಂ ಯೂರಿಯಾ’ ಎಂದು ಕಪ್ಪುಹಲಗೆಯ ಮೇಲೆ ಬರೆದುಬಿಟ್ಟೆ. ಯೂರಿಯಾದಲ್ಲಿ ಸಾರಜನಕ ಇರುವುದು ಶೇ. 46 ಮಾತ್ರ. 400ನ್ನು 0.46ರಿಂದ ಭಾಗಿಸಬೇಕಿತ್ತು, ಬೇಕಾದದ್ದು ಸುಮಾರು 870 ಗ್ರಾಂ. ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಕೆಂಪು ಗೆರೆ ಎಳೆದದ್ದು ನ್ಯಾಯವೇ.

ಪ್ರಾತ್ಯಕ್ಷಿಕೆ ಕೈಹಿಡಿಯಿತು. ಒಂದು ಲೋಟದ ನೀರಿಗೆ ಯೂರಿಯಾ, ಇನ್ನೊಂದಕ್ಕೆ ಸೂಪರ್ ಫಾಸ್ಫೇಟ್ ಹಾಕಿಸಿದೆ. ಯೂರಿಯಾ ಪೂರ್ತಿ ಕರಗಿತು, ಲೋಟ ತಣ್ಣಗಾಯಿತು. (ಮುಟ್ಟಿ ನೋಡಲು ಸಾಲು ನಿಂತವರನ್ನು ಕೂರಿಸಲು ಐದು ನಿಮಿಷ ಹೋಯಿತು.) ಇನ್ನೊಂದರ ತಳದಲ್ಲಿ ಗಸಿ ನಿಂತಿತು. ಆ ಗಸಿ ಡ್ರಿಪ್ಪಿನ ಸಣ್ಣ ರಂಧ್ರಗಳನ್ನು ಕಟ್ಟುತ್ತದೆ. ಹಾಗಾಗಿ ಅದನ್ನು ಪೈಪಿಗೆ ಹಾಕದೆ ಬುಡದ ಮಣ್ಣಿಗೇ ಸೇರಿಸಬೇಕು. ಅನಂತರ ವೆಂಚುರಿಯ ಚಿತ್ರ ಬರೆದೆ. ಕಿರಿದಾದ ಕೊರಳಲ್ಲಿ ನೀರಿನ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ, ಬಕೆಟ್ಟಿನ ದ್ರಾವಣ ಒಳಗೆ ಸೆಳೆಯಲ್ಪಡುತ್ತದೆ.

ಆಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಟೀಚರ್, ಕರೆಂಟು ಹೋದ್ರೆ ಆ ನೀರು ಬಾವಿಗೆ ವಾಪಸ್ ಬರುದಿಲ್ವಾ? ನಾವು ಕುಡಿಯುದು ಸಹ ಅದೇ ಬಾವಿದು.”

ನನ್ನ ಪಾಠ ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. “ನಾಳೆ ಹೇಳುತ್ತೇನೆ” ಎಂದೆ.

ಅವಳ ಅನುಮಾನ ಸರಿ. ಪಂಪು ನಿಂತಾಗ, ಫುಟ್‌ವಾಲ್ವ್ ಸವೆದಿದ್ದರೆ ಪೈಪಿನ ನೀರು ಬಾವಿಯತ್ತ ಇಳಿಯುತ್ತದೆ, ಗೊಬ್ಬರವನ್ನೂ ಎಳೆದೊಯ್ಯಬಹುದು. ಪಂಪಿಗೂ ವೆಂಚುರಿಗೂ ನಡುವೆ ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವ್ ಇರಲೇಬೇಕು. ಗೊಬ್ಬರದ ಕೊಳವೆ ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಬರಿಯ ನೀರು ಬಿಟ್ಟು ಪೈಪು ತೊಳೆದು, ಆಮೇಲೆ ಪಂಪು ನಿಲ್ಲಿಸಬೇಕು.

ಮರುದಿನ ಚಿತ್ರವನ್ನು ಬಾವಿಯಿಂದಲೇ ಆರಂಭಿಸಿದೆ. ಮೊದಲು ಬಾವಿ, ಆಮೇಲೆ ಪಂಪು, ಆಮೇಲೆ ಆ ವಾಲ್ವ್. ವೆಂಚುರಿ ಬಂದದ್ದು ನಾಲ್ಕನೆಯದಾಗಿ.