ಲೆಕ್ಕ ಬಿಡಿಸಿ, ಡಬ್ಬಿ ಹುಡುಕಿ

ನಿಧಿ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ, ಹೇಳಿ ನೋಡೋಣ. ಹಾವು ಕಾಯುವ ಕೊಪ್ಪರಿಗೆ, ಅಮಾವಾಸ್ಯೆಯ ರಾತ್ರಿ, ಲಿಂಬೆಹಣ್ಣು, ಕುಂಕುಮ, ಗುದ್ದಲಿ. ಇಷ್ಟೇ ತಾನೆ? ನಮ್ಮ ಕಡೆ ಹಳೆಯ ಮನೆಯ ನೆಲದಲ್ಲಿ ಒಂದು ಹಗೇವು ಕಾಣಿಸಿಕೊಂಡರೂ ಸಾಕು, ಸಂಜೆಯೊಳಗೆ ಓಣಿಯ ತುಂಬ ಸುದ್ದಿ. ಆದರೆ ನಾನಿಂದು ಹೇಳಹೊರಟಿರುವ ನಿಧಿಗೆ ಗುದ್ದಲಿಯೂ ಬೇಡ, ಮಂತ್ರವಾದಿಯೂ ಬೇಡ. ಒಂದು ಪೆನ್ಸಿಲ್ಲು, ಒಂದು ಹಾಳೆ, ಮಧ್ಯಾಹ್ನ ಪಾತ್ರೆ ತಿಕ್ಕಿಯಾದ ಮೇಲೆ ಸಿಗುವ ಅರ್ಧ ತಾಸು, ಇವಿದ್ದರೆ ಆಯಿತು. ಡಬ್ಬಿಯೊಳಗೆ ಬಂಗಾರ ಇರುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನನ್ನು ಬೈಯಬೇಡಿ!

ಈ ಆಟಕ್ಕೆ ಜಿಯೋಕ್ಯಾಚಿಂಗ್ ಎಂದು ಹೆಸರು. ಬಾಯಿಗೆ ತೊಡಕು, ಆದ್ದರಿಂದ ನಾವು ‘ಗುಪ್ತ ಡಬ್ಬಿ’ ಆಟ ಎನ್ನೋಣ. ಇದು ಹುಟ್ಟಿದ್ದು ಅಮೆರಿಕದಲ್ಲಿ, 2000ನೇ ಇಸವಿಯ ಮೇ ತಿಂಗಳಲ್ಲಿ. ನಾವು ಭೂಮಿಯ ಮೇಲೆ ಎಲ್ಲಿದ್ದೇವೆಂದು ತೋರಿಸುವ ಉಪಗ್ರಹಗಳ ಸಂಕೇತವನ್ನು ಅಲ್ಲಿಯ ಸರಕಾರ ಅದುವರೆಗೆ ಸಾಮಾನ್ಯ ಜನರಿಗೆ ಬೇಕೆಂದೇ ಮಬ್ಬುಮಾಡಿ ಕೊಡುತ್ತಿತ್ತು. ನೂರು ಮೀಟರಿನವರೆಗೂ ತಪ್ಪು ಬರುತ್ತಿತ್ತು. ಆ ಮಬ್ಬನ್ನು ತೆಗೆದದ್ದೇ ತಡ, ಮೇ 3ರಂದು ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಿನಲ್ಲಿ ಒಂದು ಕಪ್ಪು ಬಕೀಟು ಅಡಗಿಸಿಟ್ಟು, ಜಾಗದ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ತಿಳಿಸಿದ. ಬಕೀಟಿನಲ್ಲಿ ಇದ್ದದ್ದೇನು? ಬಂದವರು ಹೆಸರು ಬರೆಯಲು ಒಂದು ಪುಸ್ತಕ, ಪೆನ್ಸಿಲ್ಲು, ಒಂದು ಕವಣೆ, ಒಂದು ಡಬ್ಬಿ ಬೇಯಿಸಿದ ಕಾಳು! ಮೂರು ದಿನದೊಳಗೆ ಜನ ಹುಡುಕಿಕೊಂಡು ಹೋದರು. ಇಂದು ದೇಶದೇಶಗಳಲ್ಲಿ ಇಂಥ ಡಬ್ಬಿಗಳಿವೆ, ನಮ್ಮ ಬೆಂಗಳೂರಿನಲ್ಲೂ ಇವೆ.

ನನಗೆ ಮನಸ್ಸಿಗೆ ಹಿಡಿಸಿದ್ದು ಇದರಲ್ಲೇ ಇನ್ನೊಂದು ಬಗೆ. ಅದರಲ್ಲಿ ಡಬ್ಬಿಯ ನಿಜವಾದ ಜಾಗ ಹೇಳುವುದಿಲ್ಲ. ಒಂದು ಒಗಟನ್ನೋ ಲೆಕ್ಕವನ್ನೋ ಕೊಟ್ಟಿರುತ್ತಾರೆ. ಬಿಡಿಸಿದರೆ ಅಂಕಿಗಳು ಸಿಗುತ್ತವೆ, ಆ ಅಂಕಿಗಳನ್ನು ಕೂಡಿಸಿದರೆ ಜಾಗ ಸಿಗುತ್ತದೆ. ನಕ್ಷೆಯಲ್ಲಿ ತೋರಿಸಿದ ಚುಕ್ಕೆ ಬರೀ ನೆಪ. ನಿಜವಾದ ಡಬ್ಬಿ ಸಾಮಾನ್ಯವಾಗಿ ಅಲ್ಲಿಂದ ಮೂರು ಕಿಲೋಮೀಟರಿನ ಒಳಗೇ ಇರುತ್ತದೆ.

ಶಾಲೆಯಲ್ಲಿ ಭೂಗೋಳ ಓದಿದ್ದು ನೆನಪಿದೆಯೆ? ನಮ್ಮ ಇಂಡಿ ಸೀಮೆ ಉತ್ತರ ಅಕ್ಷಾಂಶ 17 ಡಿಗ್ರಿ ಚಿಲ್ಲರೆ, ಪೂರ್ವ ರೇಖಾಂಶ 76ರ ಆಸುಪಾಸು. ಒಂದು ಡಿಗ್ರಿಗೆ 60 ಮಿನಿಟು. ಅಕ್ಷಾಂಶದ ಒಂದು ಮಿನಿಟೆಂದರೆ ನೆಲದ ಮೇಲೆ ಸುಮಾರು 1,850 ಮೀಟರು. ಈ ಆಟದವರು ಆ ಮಿನಿಟನ್ನೂ ಸಾವಿರ ಪಾಲು ಮಾಡುತ್ತಾರೆ. ಆಗ ಒಂದು ಪಾಲು ಎರಡು ಮೀಟರಿಗೂ ಕಡಿಮೆ, ಅಂದರೆ ಒಂದು ಮಂಚದ ಉದ್ದ! ಕೊನೆಯ ಅಂಕಿ ಒಂದು ತಪ್ಪಿದರೆ ಮಂಚದಷ್ಟು ದೂರ ಹೋದಿರಿ, ಚಿಂತೆಯಿಲ್ಲ. ಚುಕ್ಕೆಯ ನಂತರದ ಮೊದಲ ಅಂಕಿ ತಪ್ಪಿದರೆ ಮಾತ್ರ 185 ಮೀಟರು ಆಚೆ, ಯಾರದೋ ಲಿಂಬೆ ತೋಟದಲ್ಲಿ ನಿಂತಿರುತ್ತೀರಿ.

“ನಮಗೇನು ತಿಳೀತದ್ರಿ ಇದೆಲ್ಲ” ಎನ್ನಬೇಡಿ. ಮದುವೆಯಲ್ಲಿ ಬಾಗಿಲು ಹಿಡಿದು ನಿಲ್ಲಿಸಿದಾಗ ಗಂಡನ ಹೆಸರನ್ನು ಒಡಪಿನೊಳಗೆ ಬಚ್ಚಿಟ್ಟು ಹೇಳಿದವರು ನಾವೇ ಅಲ್ಲವೇ? ಬಚ್ಚಿಡುವುದು, ಹುಡುಕುವುದು ಎರಡೂ ನಮಗೆ ಹೊಸದಲ್ಲ. ಬನ್ನಿ, ಅಡಿಗೆಮನೆಯ ಲೆಕ್ಕ ಒಂದನ್ನು ಬಿಡಿಸಿ ನೋಡೋಣ.

ಮಾಡದಲ್ಲಿ ಎಡದಿಂದ ಬಲಕ್ಕೆ ನಾಲ್ಕು ಭರಣಿಗಳಿವೆ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ. ಯಾವುದು ಎಷ್ಟನೆಯದು? ಸುಳಿವು ಮೂರೇ. ಗುರೆಳ್ಳು ಶೇಂಗಾಕ್ಕೆ ಹೊಂದಿ ಎಡಕ್ಕಿದೆ. ಅಗಸಿ ಶೇಂಗಾದ ಪಕ್ಕದಲ್ಲಿದೆ. ಅಗಸಿಯ ಪಕ್ಕ ಖಾರ ಇಲ್ಲ.

ಅವಸರ ಬೇಡ. ಗುರೆಳ್ಳು, ಶೇಂಗಾ ಜೋಡಿಯಾಗಿ ಇರಬೇಕಾದ್ದರಿಂದ ಮೂರೇ ದಾರಿ. ಒಂದು, ಎರಡನೆಯ ಜಾಗದಲ್ಲಿ ಅವು ಇದ್ದರೆ ಅಗಸಿ ಮೂರನೆಯದು, ಖಾರ ನಾಲ್ಕನೆಯದು. ಅಲ್ಲಿ ಅಗಸಿ ಖಾರ ಅಂಟಿಕೊಂಡವು, ಆಗದು. ಮೂರು, ನಾಲ್ಕರಲ್ಲಿದ್ದರೆ ಶೇಂಗಾದ ಪಕ್ಕ ಅಗಸಿಗೆ ಜಾಗವೇ ಇಲ್ಲ. ಉಳಿದದ್ದು ನಡುವಿನ ಜೋಡಿ: ಗುರೆಳ್ಳು 2, ಶೇಂಗಾ 3. ಹಾಗಾದರೆ ಅಗಸಿ 4, ಖಾರ 1. ನೋಡಿದಿರಾ? ಊಹೆಯಲ್ಲ, ಆಗದ್ದನ್ನೆಲ್ಲ ಹೊಡೆದುಹಾಕುತ್ತ ಬಂದರೆ ಆಗುವುದೊಂದೇ ಉಳಿಯುತ್ತದೆ. ಅಕ್ಕಿ ಆರಿಸಿದ ಹಾಗೆ.

ಈಗ ಚೀಟಿಯಲ್ಲಿ ಹೀಗೆ ಬರೆಯಿರಿ: “ತುಳಸಿಕಟ್ಟೆಯಿಂದ ಪೂರ್ವಕ್ಕೆ, ಅಗಸಿಯನ್ನು ಶೇಂಗಾದಿಂದ ಗುಣಿಸಿದಷ್ಟು ಹೆಜ್ಜೆ. ಅಲ್ಲಿಂದ ಉತ್ತರಕ್ಕೆ ಗುರೆಳ್ಳು, ಖಾರ ಕೂಡಿಸಿದಷ್ಟು.” ಹನ್ನೆರಡು ಹೆಜ್ಜೆ, ಆಮೇಲೆ ಮೂರು. ಅಲ್ಲಿ ಕಲ್ಲಿನ ಸಂದಿಯಲ್ಲಿ ಡಬ್ಬಿ. ಹೆಜ್ಜೆ ಯಾರದು ಎಂಬುದನ್ನೂ ಬರೆಯಬೇಕು, ಮರೆಯಬೇಡಿ. ಅಜ್ಜನ ಹೆಜ್ಜೆಯೇ ಬೇರೆ, ಮೊಮ್ಮಗನ ಹೆಜ್ಜೆಯೇ ಬೇರೆ.

ಈ ಲೆಕ್ಕವನ್ನು ನಾನು ಕಟ್ಟಿದ್ದು ನನ್ನ ಮಗಳಿಗಾಗಿ. ಒಂಬತ್ತನೇ ಇಯತ್ತೆಯ ಹುಡುಗಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ಕಡಿಮೆ ಬಂದಾಗ ಮನೆಯ ಹಿರಿಯರೊಬ್ಬರು, “ಹೆಣ್ಣುಹುಡುಗಿಗೆ ಲೆಕ್ಕ ಯಾಕ ಬೇಕು, ಹತ್ತನೇತ್ತ ಮುಗಿಸಿದ್ರ ಸಾಕು” ಎಂದರು. ಇದೇ ಮಾತನ್ನು ನನ್ನ ಕಾಲದಲ್ಲಿ ನನಗೂ ಅಂದಿದ್ದರು, ನನ್ನ ಓದು ಅಲ್ಲಿಗೇ ನಿಂತಿತು. ಮಗಳೂ ಆ ಮಾತನ್ನು ನಂಬಿಬಿಟ್ಟಿದ್ದಳು, ಅದೇ ನನಗೆ ಹೆದರಿಕೆ. ಗಣಿತದ ಪುಸ್ತಕ ತೆಗೆ ಎಂದರೆ ಮುಖ ತಿರುಗಿಸುವವಳು ಚಟ್ನಿ ಭರಣಿಯ ಲೆಕ್ಕವನ್ನು ಹತ್ತು ನಿಮಿಷದಲ್ಲಿ ಬಿಡಿಸಿ ಡಬ್ಬಿ ಹಿಡಿದುಕೊಂಡು ಬಂದಳು. “ಯವ್ವಾ, ಇದು ಗಣಿತ ಅಲ್ಲ ಬಿಡು” ಎಂದಳು. ಗಣಿತ ಅಲ್ಲದೆ ಮತ್ತೇನು?

ಮರುವಾರ ಅವಳೇ ತಮ್ಮನಿಗೆ ಒಂದು ಲೆಕ್ಕ ಕಟ್ಟಿದಳು. ಅವನು ಒಂದು ಜಾಗಕ್ಕೆ ಹೋದ, ಡಬ್ಬಿ ಇನ್ನೊಂದು ಜಾಗದಲ್ಲಿತ್ತು. ಇಬ್ಬರಿಗೂ ಜಗಳ. ಕೂತು ನೋಡಿದರೆ ಅವಳ ಲೆಕ್ಕಕ್ಕೆ ಎರಡು ಉತ್ತರ! ನನ್ನ ಲೆಕ್ಕದಲ್ಲೂ ಮೂರನೆಯ ಸುಳಿವು ತೆಗೆದುಹಾಕಿ ನೋಡಿ, ಎರಡು ಉತ್ತರ ಬರುತ್ತವೆ. ಬಿಡಿಸುವುದಕ್ಕಿಂತ ಒಂದೇ ಉತ್ತರ ಬರುವಂತೆ ಕಟ್ಟುವುದು ಕಷ್ಟ. ಅವಳು ಮೂರು ಸಂಜೆ ಅದರ ಹಿಂದೆ ಬಿದ್ದು ಸುಳಿವು ಸರಿಮಾಡಿದಳು. ಯಾರೂ ಕೂಡು ಎನ್ನಲಿಲ್ಲ.

ಇನ್ನು ನಿಜವಾದ ನಿಧಿಯ ಮಾತು. “ನಿಮ್ಮ ಒಲೆಗಟ್ಟಿ ಕೆಳಗ ಹೊನ್ನೈತಿ” ಎಂದು ಹೇಳಿಕೊಂಡು ಬರುವವರು ಈಗಲೂ ಬರುತ್ತಾರೆ. ನಮ್ಮ ನೆಂಟರ ಪೈಕಿ ಒಬ್ಬಾಕೆಯ ಮನೆಯಲ್ಲಿ ಹೀಗೆ ಬಂದು ಪೂಜೆಗೆಂದು ಬಿಲ್ವಾರ ಎರಡು ತೆಗೆಸಿಕೊಂಡು, ಗಡಿಗೆಯಲ್ಲಿ ಇಟ್ಟಂತೆ ಮಾಡಿ, ಬೆಳಗಾಗುವುದರೊಳಗೆ ಹೋದರು. ಉಳಿದದ್ದು ಒಡೆದ ಒಲೆ. ಆಕೆ ತವರಿನವರಿಗೆ ಇಂದಿಗೂ ಹೇಳಿಲ್ಲ. ಇದೇ ಆಸೆಗೆ ಊರೂರಲ್ಲಿ ಹಾಳುಗುಡಿಗಳ ಗರ್ಭಗುಡಿ ಅಗೆದಿದ್ದಾರೆ, ಬಸವಣ್ಣನ ಕಲ್ಲುಗಳನ್ನು ಒಡೆದಿದ್ದಾರೆ. ನೆಲದಲ್ಲಿ ಏನಾದರೂ ಸಿಕ್ಕರೆ ಸರಕಾರಕ್ಕೆ ತಿಳಿಸಬೇಕೆಂದು 1878ರಷ್ಟು ಹಿಂದೆಯೇ ಕಾಯಿದೆ ಬಂದಿದೆ. ಕರ್ನಾಟಕದ್ದೇ ಕಾಯಿದೆ 1962ರದು. ಗುಪ್ತ ಡಬ್ಬಿಯ ಆಟದಲ್ಲಿ ಈಗ ಮೊದಲ ನಿಯಮವೇ ನೆಲ ಅಗೆಯಬಾರದು ಎಂಬುದು. ಮಕ್ಕಳಿಗೆ ಈ ನಿಯಮವನ್ನು ಎರಡು ಸಲ ಹೇಳಿ.

ಒಡೆದ ಕಲ್ಲಿನಿಂದ ಏನು ಹೋಗುತ್ತದೆ ಎಂದು ಕೇಳುವಿರಾ? ನಮ್ಮ ಸಾಲೋಟಗಿಯನ್ನೇ ನೋಡಿ. ಇಲ್ಲಿಯ ಕಂಬದ ಶಾಸನ ಕ್ರಿ.ಶ. 945ರದು, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು. ಆಗ ಊರಿನ ಹೆಸರು ಪಾವಿಟ್ಟಗೆ. ದೊರೆಯ ಮಂತ್ರಿ ನಾರಾಯಣ ಇಲ್ಲಿ ಒಂದು ಶಾಲೆ ಕಟ್ಟಿಸಿದ. ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆ, ದೀಪದ ಖರ್ಚಿಗೆ 12 ನಿವರ್ತನ ಹೊಲ. ಊರಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಮುಂಜಿಗೆ ಎರಡೂವರೆ, ಜವಳಕ್ಕೆ ಒಂದೂಕಾಲು. ‘ಶಾಲೆ’ಯ ಪಾವಿಟ್ಟಗೆಯೇ ಬಾಯಿಂದ ಬಾಯಿಗೆ ಸವೆದು ಸಾಲೋಟಗಿ ಆಯಿತೆಂದು ಬಲ್ಲವರು ಹೇಳುತ್ತಾರೆ. ಆ ಕಂಬವನ್ನು ಯಾರಾದರೂ ಹೊನ್ನಿನಾಸೆಗೆ ಪುಡಿಮಾಡಿದ್ದರೆ ಊರಿನ ಹೆಸರಿನ ಒಗಟು ಬಿಡಿಸುವವರು ಯಾರು? ಇದನ್ನೆಲ್ಲ ಹೇಳಿದಾಗ ಮಗಳು ಕೇಳಿದಳು, “ಆ ಇಪ್ಪತ್ತೇಳು ಮನಿಯೊಳಗ ಹುಡುಗ್ಯಾರಿಗೆ ಒಂದರ ಇತ್ತೇನವ್ವ?” ನಾನು ಸುಮ್ಮನಾದೆ.

ರಜೆಯಲ್ಲಿ ನೀವೂ ಓಣಿಯ ಮಕ್ಕಳಿಗೆ ಆಡಿಸಬಹುದು. ಬಿಗಿ ಮುಚ್ಚಳದ ಸಣ್ಣ ಡಬ್ಬಿ ಸಾಕು. ಹಳೆಯ ಫೋಟೋ ರೀಲಿನ ಡಬ್ಬಿ ಮನೆಯಲ್ಲಿ ಬಿದ್ದಿದ್ದರೆ ಇನ್ನೂ ಒಳ್ಳೆಯದು. ಒಳಗೆ ಸುರುಳಿ ಸುತ್ತಿದ ಕಾಗದ, ತುಂಡು ಪೆನ್ಸಿಲ್ಲು, ಒಂದೆರಡು ಬಳೆ, ಗುಂಡಿ, ಗೋಲಿ. ಒಂದು ವಸ್ತು ತೆಗೆದುಕೊಂಡವರು ಅಷ್ಟೇ ಬೆಲೆಯದನ್ನು ಇಡಬೇಕು. ತಿನಿಸು ಮಾತ್ರ ಇಡಲೇಬೇಡಿ, ಹೋಳಿಗೆಯ ವಾಸನೆಗೆ ಮಕ್ಕಳಿಗಿಂತ ಮೊದಲು ಇಲಿ ಬರುತ್ತದೆ. ಬಾವಿಯ ದಂಡೆ, ಕರೆಂಟಿನ ಕಂಬ, ಹುತ್ತದ ಬಳಿ ಬೇಡ. ಡಬ್ಬಿಯ ಮೇಲೆ “ಮಕ್ಕಳ ಆಟ” ಎಂದು ದಪ್ಪಗೆ ಬರೆಯಿರಿ, ಇಲ್ಲದಿದ್ದರೆ ಕಂಡವರು ಮಾಟವೆಂದು ಹೆದರಿ ಇಡೀ ಓಣಿ ಕೂಡಿಸುತ್ತಾರೆ. ಪರದೇಶದವರ ಕೆಲವು ಒಗಟುಗಳು ಕಂಪ್ಯೂಟರ್ ಬಲ್ಲವರಿಗೆ ಮಾತ್ರ ಬಿಡಿಸಲಾಗುವಂಥವು, ಅವು ನನಗೆ ಸೇರವು. ಅಜ್ಜಿಗೂ ಮೊಮ್ಮಗಳಿಗೂ ಒಟ್ಟಿಗೆ ಬಿಡಿಸಲು ಬರಬೇಕು.

ಲೆಕ್ಕ ಸಾಲದಿದ್ದರೆ ನಮ್ಮ ನಾಡಿನದೇ ಇದೆ. ಸಾಲೋಟಗಿ ಶಾಸನಕ್ಕೂ ಸುಮಾರು ನೂರು ವರ್ಷ ಮೊದಲು, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರ ಸಂಗ್ರಹ’ ಬರೆದ. ಅದರಲ್ಲಿ ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಹಣದ ಗಂಟೊಂದು ಕಾಣುವ ಲೆಕ್ಕವಿದೆ. ಗಂಟು ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಕೂಡಿಸಿದ್ದರ ಎರಡರಷ್ಟು ನನ್ನದಾಗುತ್ತದೆ ಎನ್ನುತ್ತಾನೆ ಮೊದಲನೆಯವನು. ನನಗೆ ಸಿಕ್ಕರೆ ನಿಮ್ಮಿಬ್ಬರದರ ಮೂರರಷ್ಟು ಎನ್ನುತ್ತಾನೆ ಎರಡನೆಯವನು. ಐದರಷ್ಟು ಎನ್ನುತ್ತಾನೆ ಮೂರನೆಯವನು. ಗಂಟಿನಲ್ಲಿ ಎಷ್ಟು, ಒಬ್ಬೊಬ್ಬರ ಕೈಯಲ್ಲಿ ಎಷ್ಟು?

ಮಕ್ಕಳಿಗೆ ಕೊಟ್ಟು ನೋಡಿ. ಉತ್ತರ ಹೇಳಿಬಿಡುತ್ತೇನೆ, ಅವರಿಗೆ ತೋರಿಸಬೇಡಿ: ಗಂಟಿನಲ್ಲಿ 15, ಕೈಯಲ್ಲಿ ಕ್ರಮವಾಗಿ 1, 3, 5. ತಾಳೆ ನೋಡಿ. ಒಂದಕ್ಕೆ ಹದಿನೈದು ಸೇರಿದರೆ ಹದಿನಾರು, ಉಳಿದಿಬ್ಬರದು ಎಂಟು, ಅದರ ಎರಡರಷ್ಟು. ಮೂರಕ್ಕೆ ಸೇರಿದರೆ ಹದಿನೆಂಟು, ಉಳಿದವರದು ಆರು. ಐದಕ್ಕೆ ಸೇರಿದರೆ ಇಪ್ಪತ್ತು, ಉಳಿದವರದು ನಾಲ್ಕು. ಇದನ್ನು ದುಪ್ಪಟ್ಟು ಮಾಡಿದರೂ ಲೆಕ್ಕ ಕೂಡುತ್ತದೆ. ಆದ್ದರಿಂದ ಚೀಟಿಯಲ್ಲಿ “ಮೊದಲನೆಯವನ ಕೈಯಲ್ಲಿ ಒಂದೇ ನಾಣ್ಯ” ಎಂದು ಸೇರಿಸಿ. ಹದಿನೈದು ಹೆಜ್ಜೆ ಎತ್ತ ಕಡೆಗೆ ಎಂಬುದನ್ನು ನಿಮ್ಮ ಅಂಗಳ ನೋಡಿ ನೀವೇ ಬರೆಯಿರಿ.