ಕದ್ದ ವಾದ್ಯ ಕೊಂಡವರದ್ದಾಗುವುದಿಲ್ಲ

ಚರ್ಚಿನ ಗಾಯನ ಮಂಡಳಿಗೆ ಕೀಬೋರ್ಡ್ ಬೇಕಾಗಿದೆ, ಹೊಸದನ್ನು ಕೊಳ್ಳಲು ಹಣ ಸಾಲದು ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಯಾರೋ ಒಬ್ಬರು ಬಂದು, "ನನ್ನ ಪರಿಚಯದವರಲ್ಲಿ ಒಳ್ಳೆಯ ಕೀಬೋರ್ಡ್ ಇದೆ. ಅರ್ಧ ಬೆಲೆಗಿಂತಲೂ ಕಡಿಮೆಗೆ ಕೊಡುತ್ತಾರೆ. ಆದರೆ ಬಿಲ್ಲು ಮಾತ್ರ ಇಲ್ಲ" ಎನ್ನುತ್ತಾರೆ. ಹಬ್ಬ ಹತ್ತಿರ ಬಂದಿದೆ, ನವೇನ ಆರಂಭವಾಗಲಿದೆ. ಒಳ್ಳೆಯ ಉದ್ದೇಶಕ್ಕಾಗಿ ತಾನೇ ಎಂದು ಹಣ ಕೊಟ್ಟು ಕೊಂಡದ್ದಾಯಿತು. ಆ ಕೀಬೋರ್ಡ್ ಬೇರೊಂದು ಊರಿನ ಚರ್ಚಿನಿಂದಲೋ ಶಾಲೆಯಿಂದಲೋ ಕಳವಾದದ್ದಾಗಿದ್ದರೆ? ಕೊಂಡವರ ಪರಿಸ್ಥಿತಿ ಏನು? ವಾದ್ಯ ಯಾರಿಗೆ ಸೇರುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ತಿಳಿದಿರುವುದು ಚರ್ಚ್ ಪಾಲನಾ ಪರಿಷತ್ತಿನ ಸದಸ್ಯರಿಗೂ ಗಾಯನ ಮಂಡಳಿಯವರಿಗೂ ಬ್ಯಾಂಡಿನವರಿಗೂ ಅಗತ್ಯ.

ಕದಿಯುವುದು ಸುಲಭ, ಮಾರುವುದು ಕಷ್ಟ

ಸಂಗೀತ ವಾದ್ಯಗಳ ಕಳವು ಹೊಸದೇನಲ್ಲ. ಇಟಲಿಯ ಕ್ರೆಮೋನಾ ಪಟ್ಟಣದ ಆಂಟೋನಿಯೋ ಸ್ಟ್ರಾಡಿವಾರಿ ತಯಾರಿಸಿದ ವಯಲಿನ್‌ಗಳು ಇಂದು ಕೋಟಿಗಟ್ಟಲೆ ರೂಪಾಯಿ ಬೆಲೆ ಬಾಳುತ್ತವೆ. 1737ರಲ್ಲಿ ತೀರಿಕೊಂಡ ಅವರ ಕೈಯಿಂದ ಮೂಡಿದ ವಾದ್ಯಗಳಲ್ಲಿ ಸುಮಾರು 650 ಮಾತ್ರ ಉಳಿದಿವೆ. ಇವುಗಳ ಪೈಕಿ 1713ರ ಒಂದು ವಯಲಿನ್ 1936ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಿಂದ ಮಾಯವಾಯಿತು. ಅದರ ಒಡೆಯ ಬ್ರೋನಿಸ್ಲಾವ್ ಹ್ಯೂಬರ್‌ಮನ್ ವೇದಿಕೆಯಲ್ಲಿ ಬೇರೊಂದು ವಯಲಿನ್ ನುಡಿಸುತ್ತಿದ್ದಾಗ ಕೋಣೆಯಲ್ಲಿಟ್ಟಿದ್ದ ಈ ವಯಲಿನ್ ಕಳವಾಗಿತ್ತು. ಅದು ಜೂಲಿಯನ್ ಆಲ್ಟ್‌ಮನ್ ಎಂಬ ವಾದಕನ ಕೈ ಸೇರಿತು. ಗುರುತು ಸಿಗಬಾರದೆಂದು ಆತ ಅದಕ್ಕೆ ಬೂಟ್ ಪಾಲಿಶ್ ಬಳಿದು ಸುಮಾರು 50 ವರ್ಷ ನುಡಿಸಿದ. 1985ರಲ್ಲಿ ಸಾಯುವ ಮೊದಲು ಹೆಂಡತಿಗೆ ಗುಟ್ಟು ಬಿಚ್ಚಿಟ್ಟ. ಅಷ್ಟು ಬೆಲೆಬಾಳುವ ವಸ್ತು ಅರ್ಧ ಶತಮಾನ ಕೈಯಲ್ಲಿದ್ದರೂ ಅದನ್ನು ಅದರ ನಿಜ ಬೆಲೆಗೆ ಮಾರಲು ಆತನಿಂದ ಆಗಲಿಲ್ಲ. ಇದೇ ವಯಲಿನ್ನನ್ನು 2001ರಲ್ಲಿ ಜೋಶುವಾ ಬೆಲ್ ಸುಮಾರು 40 ಲಕ್ಷ ಡಾಲರ್ ಕೊಟ್ಟು ಕೊಂಡರು.

2010ರ ನವೆಂಬರಿನಲ್ಲಿ ಲಂಡನ್ನಿನ ಯೂಸ್ಟನ್ ರೈಲು ನಿಲ್ದಾಣದ ಬಳಿ ಮಿನ್-ಜಿನ್ ಕಿಮ್ ಎಂಬ ಕಲಾವಿದೆಯ 1696ರ ಸ್ಟ್ರಾಡಿವಾರಿ ವಯಲಿನ್ ಕಳವಾಯಿತು. ಕದ್ದವರಿಗೆ ಅದರ ಬೆಲೆಯ ಅರಿವೇ ಇರಲಿಲ್ಲ. ಅವರು ಅದನ್ನು ಕೇವಲ 100 ಪೌಂಡಿಗೆ ಮಾರಲು ನೋಡಿದರು. 2013ರಲ್ಲಿ ವಯಲಿನ್ ಸಿಕ್ಕಿತಾದರೂ ಅಷ್ಟರಲ್ಲಿ ವಿಮಾ ಹಣ ಪಡೆದಿದ್ದ ಆಕೆ ಬೇರೊಂದು ವಾದ್ಯ ಕೊಂಡಾಗಿತ್ತು. ಕೊನೆಗೆ ಅದು ಹರಾಜಿನಲ್ಲಿ 13 ಲಕ್ಷ ಪೌಂಡಿಗೂ ಹೆಚ್ಚಿನ ಬೆಲೆಗೆ ಬೇರೆಯವರ ಪಾಲಾಯಿತು. ಬಾಲ್ಯದಿಂದ ಕಷ್ಟಪಟ್ಟು ಕಲಿತ ಕಲಾವಿದೆಗೆ ತನ್ನ ವಾದ್ಯ ಮರಳಿ ದಕ್ಕಲಿಲ್ಲ.

2014ರ ಜನವರಿಯಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಫ್ರಾಂಕ್ ಆಲ್ಮಂಡ್ ಎಂಬ ವಾದಕರ ಮೇಲೆ ವಿದ್ಯುತ್ ಆಘಾತ ನೀಡುವ ಟೇಸರ್ ಬಳಸಿ 1715ರ ವಯಲಿನ್ ಕಸಿದುಕೊಂಡು ಹೋದರು. ಟೇಸರ್ ಹಾರಿಸಿದಾಗ ಅದರಿಂದ ಸಂಖ್ಯೆ ನಮೂದಿಸಿದ ಸಣ್ಣ ಚೀಟಿಗಳು ಉದುರುತ್ತವೆ. ಈ ಸಂಖ್ಯೆಯ ಜಾಡು ಹಿಡಿದು ಪೊಲೀಸರು ಟೇಸರ್ ಕೊಂಡವನನ್ನು ಹುಡುಕಿದರು. ಕೆಲವೇ ದಿನಗಳಲ್ಲಿ ವಯಲಿನ್ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತು. ಪ್ರಮುಖ ಆರೋಪಿಗೆ 7 ವರ್ಷ ಜೈಲಾಯಿತು.

ಹೆಸರಾಂತ ವಾದ್ಯವನ್ನು ಕದ್ದವನು ಅದನ್ನು ಬಹಿರಂಗವಾಗಿ ಮಾರಲಾರನೆಂಬುದು ಈ ಮೂರೂ ಪ್ರಕರಣಗಳಿಂದ ತಿಳಿಯುತ್ತದೆ. ಅಂಥ ವಾದ್ಯದ ಮರದ ಗೆರೆ, ವಾರ್ನಿಶ್, ಹಳೆಯ ದುರಸ್ತಿಯ ಗುರುತು ಎಲ್ಲವೂ ಪರಿಣತರ ಬಳಿ ಫೋಟೊ ಸಹಿತ ದಾಖಲಾಗಿರುತ್ತವೆ. ಆದರೆ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ಗಿಟಾರ್, ಕೀಬೋರ್ಡ್, ಸ್ಯಾಕ್ಸೊಫೋನ್‌ಗಳ ವಿಷಯ ಹಾಗಲ್ಲ. ಒಂದರಂತೆ ಇನ್ನೊಂದು ಇರುವುದರಿಂದ ಅವು ಸುಲಭವಾಗಿ ಕೈ ಬದಲಾಯಿಸುತ್ತವೆ. ಅವುಗಳನ್ನು ಬೇರ್ಪಡಿಸಿ ಗುರುತಿಸಲು ಸಾಮಾನ್ಯವಾಗಿ ಸೀರಿಯಲ್ ನಂಬರ್ ಒಂದೇ ಆಧಾರ.

ಕರಗಿಸಿದರೆ ಮತ್ತೆ ಸಿಗದು

ನಮ್ಮ ದೇಶದಲ್ಲಿ ಎಲ್ಲರ ಮನ ಕಲಕಿದ ಪ್ರಕರಣವೆಂದರೆ ಭಾರತರತ್ನ ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರ ಶಹನಾಯಿಗಳದ್ದು. ಅವರು 2006ರಲ್ಲಿ ನಿಧನರಾದರು. ಅವರಿಗೆ ಗಣ್ಯರು ಕಾಣಿಕೆಯಾಗಿ ನೀಡಿದ್ದ ಬೆಳ್ಳಿಯ ಶಹನಾಯಿಗಳು 2016ರ ಡಿಸೆಂಬರಿನಲ್ಲಿ ವಾರಾಣಸಿಯ ಮನೆಯಿಂದ ಕಳವಾದವು. 2017ರ ಜನವರಿಯಲ್ಲಿ ಪೊಲೀಸರು ಕುಟುಂಬದ ಬಂಧು ಒಬ್ಬನನ್ನೂ ಇಬ್ಬರು ಆಭರಣ ವ್ಯಾಪಾರಿಗಳನ್ನೂ ಬಂಧಿಸಿದರು. ಅಮೂಲ್ಯವಾದ ಆ ಶಹನಾಯಿಗಳು ಕೇವಲ 17,000 ರೂಪಾಯಿಗೆ ಮಾರಾಟವಾಗಿದ್ದವು ಎಂದು ಪೊಲೀಸರು ತಿಳಿಸಿದರು. ಮರದ ಒಂದು ಶಹನಾಯಿ ಮತ್ತು ಕರಗಿಸಿದ ಬೆಳ್ಳಿ ಮಾತ್ರ ಸಿಕ್ಕಿತು.

ಕರಾವಳಿಯ ನಮಗೆ ಇದರಲ್ಲಿ ಪಾಠವಿದೆ. ನಮ್ಮ ಹಬ್ಬ, ಮೆರವಣಿಗೆ, ರೋಸ್, ಮದುವೆಗಳಲ್ಲಿ ಮೊಳಗುವ ಟ್ರಂಪೆಟ್, ಟ್ರೋಂಬೋನ್, ಸ್ಯಾಕ್ಸೊಫೋನ್‌ಗಳ ಮೈ ಹಿತ್ತಾಳೆಯದ್ದು. ಕದ್ದವನಿಗೆ ಅದು ವಾದ್ಯವಾಗಿ ಮಾರಾಟವಾಗದಿದ್ದರೆ ಗುಜರಿಯ ತೂಕಕ್ಕಾದರೂ ಹೋಗುತ್ತದೆ. ಚರ್ಚಿನ ಗಂಟೆ, ದೀಪಸ್ತಂಭ, ಪೂಜಾ ಪಾತ್ರೆಗಳಿಗೂ ಇದೇ ಅಪಾಯವಿದೆ. ಗುಜರಿ ಅಂಗಡಿಯವನೂ ಒಡವೆ ಅಂಗಡಿಯವನೂ 'ಎಲ್ಲಿಂದ ತಂದೆ?' ಎಂದು ಕೇಳಿ ಹಿಂದೆ ಕಳುಹಿಸಿದರೆ ಇಂಥ ಕಳವಿಗೆ ಲಾಭವೇ ಉಳಿಯುವುದಿಲ್ಲ. ಕೊಳ್ಳುವವನು ಇರುವ ತನಕ ಕದಿಯುವವನೂ ಇರುತ್ತಾನೆ.

ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ನಮ್ಮ ದೇಶದಲ್ಲಿ ಭಾರತೀಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 303ನೇ ಕಲಮು ಕಳವಿನ ಕುರಿತಾದದ್ದು. ವಾಸದ ಮನೆಯಿಂದ, ಸೊತ್ತು ಇಡಲು ಬಳಸುವ ಕಟ್ಟಡದಿಂದ ಅಥವಾ ವಾಹನದಿಂದ ಕದ್ದರೆ 305ನೇ ಕಲಮಿನಂತೆ 7 ವರ್ಷದವರೆಗೆ ಜೈಲು ಹಾಗೂ ದಂಡ ವಿಧಿಸಬಹುದು.

ಕದ್ದ ಸೊತ್ತಿನ ಬಗ್ಗೆ 317ನೇ ಕಲಮು ಹೇಳುತ್ತದೆ. ಹಿಂದೆ ಇದು 410ರಿಂದ 414ರವರೆಗಿನ ಕಲಮುಗಳಲ್ಲಿತ್ತು. ಕದ್ದದ್ದೆಂದು ತಿಳಿದಿದ್ದರೂ ಅಥವಾ ಹಾಗೆ ನಂಬಲು ಕಾರಣವಿದ್ದರೂ ಅಪ್ರಾಮಾಣಿಕವಾಗಿ ಅಂಥ ಸೊತ್ತನ್ನು ಪಡೆದವನಿಗೆ, ಇಟ್ಟುಕೊಂಡವನಿಗೆ 3 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಅಡಗಿಸಿಡಲು, ವಿಲೇವಾರಿ ಮಾಡಲು ನೆರವಾದವನಿಗೂ ಅಷ್ಟೇ ಶಿಕ್ಷೆ. ಕದ್ದ ಮಾಲಿನ ವ್ಯವಹಾರವನ್ನೇ ರೂಢಿ ಮಾಡಿಕೊಂಡವನಿಗೆ 10 ವರ್ಷದವರೆಗೆ ಅಥವಾ ಜೀವಾವಧಿ ಶಿಕ್ಷೆಯೂ ಆಗಬಹುದು. ಒಮ್ಮೆ ಕದ್ದವನಿಗಿಂತ ನಿತ್ಯ ಕೊಳ್ಳುವವನನ್ನು ಕಾನೂನು ಹೆಚ್ಚು ಅಪಾಯಕಾರಿ ಎಂದು ಕಾಣುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

'ನಂಬಲು ಕಾರಣವಿದ್ದರೂ' ಎಂಬ ಮಾತು ಬಹಳ ಮುಖ್ಯ. ಬೆಲೆ ತೀರಾ ಕಡಿಮೆ, ಬಿಲ್ಲು ಇಲ್ಲ, ಸೀರಿಯಲ್ ನಂಬರ್ ಕೆರೆದು ಹಾಕಲಾಗಿದೆ, ಮಾರುವವನು ತನ್ನ ವಿಳಾಸ ಹೇಳಲು ಹಿಂಜರಿಯುತ್ತಾನೆ. ಇಷ್ಟೆಲ್ಲ ಕಣ್ಣೆದುರಿಗೇ ಇದ್ದೂ ಕೊಂಡ ಮೇಲೆ 'ನನಗೇನೂ ಗೊತ್ತಿರಲಿಲ್ಲ' ಎಂದರೆ ನ್ಯಾಯಾಲಯ ಒಪ್ಪುವುದು ಕಷ್ಟ. ಕಳವಾದ ಸ್ವಲ್ಪ ಸಮಯದಲ್ಲೇ ಆ ಸೊತ್ತು ಒಬ್ಬನ ಬಳಿ ಸಿಕ್ಕಿ, ಆತ ಸರಿಯಾದ ವಿವರಣೆ ಕೊಡದಿದ್ದರೆ, ಆತನೇ ಕಳ್ಳ ಅಥವಾ ತಿಳಿದೇ ಪಡೆದವನು ಎಂದು ನ್ಯಾಯಾಲಯ ಭಾವಿಸಿಕೊಳ್ಳಲು ಸಾಕ್ಷ್ಯ ಕಾನೂನಿನಲ್ಲಿ ಅವಕಾಶವಿದೆ.

ನಿಜಕ್ಕೂ ತಿಳಿಯದೆ ಕೊಂಡಿದ್ದರೆ?

ಪ್ರಾಮಾಣಿಕವಾಗಿ ವಿಚಾರಿಸಿ, ಸರಿಯಾದ ಬೆಲೆ ಕೊಟ್ಟು ಕೊಂಡವರು ಅಪರಾಧಿಗಳಾಗುವುದಿಲ್ಲ. ಆದರೆ ವಾದ್ಯ ಅವರದ್ದೂ ಆಗುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಮಿನ ಪ್ರಕಾರ ಮಾರುವವನಿಗೆ ಇಲ್ಲದ ಹಕ್ಕು ಸಾಮಾನ್ಯವಾಗಿ ಕೊಳ್ಳುವವನಿಗೆ ಬರುವುದಿಲ್ಲ. ಕಳ್ಳನಿಗೆ ಒಡೆತನವಿಲ್ಲ. ಆತನಿಂದ ಕೊಂಡವರಿಗೂ ಇಲ್ಲ, ಅವರಿಂದ ಮುಂದೆ ಕೊಂಡವರಿಗೂ ಇಲ್ಲ. ಕೊಟ್ಟ ಹಣವನ್ನು ಮಾರಿದವನಿಂದ ವಸೂಲು ಮಾಡುವ ಹಕ್ಕು ಕೊಂಡವರಿಗಿದೆ. ಆದರೆ ಆತನ ಹೆಸರು, ವಿಳಾಸ, ರಶೀದಿ ಇಲ್ಲದಿದ್ದರೆ ಆ ಹಕ್ಕಿನಿಂದ ಏನು ಪ್ರಯೋಜನ?

ಅಮೆರಿಕದ ರೋಮನ್ ಟೋಟೆನ್‌ಬರ್ಗ್ ಎಂಬ ವಯಲಿನ್ ಗುರುವಿನ 1734ರ ಸ್ಟ್ರಾಡಿವಾರಿ 1980ರಲ್ಲಿ ಕಛೇರಿಯ ಬಳಿಕ ಕಳವಾಗಿತ್ತು. ಅವರು 101ನೆಯ ವಯಸ್ಸಿನಲ್ಲಿ, 2012ರಲ್ಲಿ ತೀರಿಕೊಂಡರು. 2015ರಲ್ಲಿ ಮಹಿಳೆಯೊಬ್ಬರು ತಮ್ಮ ಮಾಜಿ ಪತಿ ಬಿಟ್ಟುಹೋದ ವಯಲಿನ್ನಿನ ಬೆಲೆ ತಿಳಿಯಲು ಪರಿಣತರ ಬಳಿ ಒಯ್ದಾಗ ಅದೇ ವಯಲಿನ್ ಎಂದು ಗೊತ್ತಾಯಿತು. 35 ವರ್ಷ ಕಳೆದಿದ್ದರೂ ವಯಲಿನ್ ಟೋಟೆನ್‌ಬರ್ಗ್ ಅವರ ಮೂವರು ಹೆಣ್ಣುಮಕ್ಕಳ ಕೈ ಸೇರಿತು. ವಿಮಾ ಕಂಪೆನಿ ಹಿಂದೆ ಕೊಟ್ಟಿದ್ದ ಹಣವನ್ನು ಕುಟುಂಬ ಹಿಂತಿರುಗಿಸಿತು. ವಿಮಾ ಹಣ ಪೂರ್ತಿ ಪಡೆದ ಮೇಲೆ ವಾದ್ಯದ ಮೇಲಿನ ಹಕ್ಕು ಸಾಮಾನ್ಯವಾಗಿ ಕಂಪೆನಿಗೆ ಹೋಗುತ್ತದೆ ಎಂಬುದನ್ನೂ ನೆನಪಿಡಬೇಕು.

ಹಳೆಯ ವಾದ್ಯ ಕೊಳ್ಳುವಾಗ

ಸೆಕೆಂಡ್ ಹ್ಯಾಂಡ್ ವಾದ್ಯ ಕೊಳ್ಳುವುದು ತಪ್ಪಲ್ಲ. ನಮ್ಮ ಅನೇಕ ಮಕ್ಕಳು ಕಲಿತದ್ದೇ ಹಳೆಯ ವಯಲಿನ್, ಗಿಟಾರ್‌ಗಳಲ್ಲಿ. ಆದರೆ ಈ ಕೆಳಗಿನ ಎಚ್ಚರಿಕೆ ವಹಿಸುವುದು ಒಳಿತು:

1. ಮೂಲ ಬಿಲ್ಲು ಕೇಳಿ. ಇಲ್ಲದಿದ್ದರೆ ವಾದ್ಯ ಎಲ್ಲಿಂದ ಬಂತು ಎಂಬುದನ್ನು ಮಾರುವವರಿಂದ ಬರೆಸಿ ಸಹಿ ಪಡೆಯಿರಿ. ಅವರ ಗುರುತುಚೀಟಿಯ ಪ್ರತಿ ಇಟ್ಟುಕೊಳ್ಳಿ.

2. ಸೀರಿಯಲ್ ನಂಬರ್ ಇದೆಯೇ ನೋಡಿ. ಕೆರೆದಿದ್ದರೆ, ಅದರ ಮೇಲೆ ಬಣ್ಣ ಬಳಿದಿದ್ದರೆ ಕೊಳ್ಳಬೇಡಿ.

3. ಹಣವನ್ನು ಆದಷ್ಟು ಬ್ಯಾಂಕ್ ಮೂಲಕ ಪಾವತಿಸಿ. ರಶೀದಿ ಇಲ್ಲದೆ ಚರ್ಚಿನ ಹಣ ಕೊಡಬೇಡಿ.

4. ಮಾರುವವರು ಅದನ್ನು ನುಡಿಸಬಲ್ಲರೇ, ಅದರ ಬಗ್ಗೆ ತಿಳಿದಿದ್ದಾರೆಯೇ ಎಂದು ವಿಚಾರಿಸಿ. ರಸ್ತೆ ಬದಿಯಲ್ಲಿ, ಬಸ್ ನಿಲ್ದಾಣದಲ್ಲಿ ಅವಸರದಿಂದ ವ್ಯವಹಾರ ಮುಗಿಸುವವರಿಂದ ದೂರವಿರಿ.

5. ವಯಲಿನ್ನಿನ ಒಳಗೆ ಸ್ಟ್ರಾಡಿವಾರಿಯ ಹೆಸರಿನ ಚೀಟಿ ಕಂಡ ಮಾತ್ರಕ್ಕೆ ಮರುಳಾಗಬೇಡಿ. 19 ಮತ್ತು 20ನೆಯ ಶತಮಾನಗಳಲ್ಲಿ ಜರ್ಮನಿ, ಬೊಹೀಮಿಯಾಗಳಲ್ಲಿ ತಯಾರಾದ ಸಾಮಾನ್ಯ ವಯಲಿನ್‌ಗಳಿಗೂ ಇದೇ ಚೀಟಿ ಅಂಟಿಸುತ್ತಿದ್ದರು.

6. ವಾದ್ಯವನ್ನು ದಾನವಾಗಿ ಕೊಟ್ಟರೂ ದಾನಿಯ ಹೆಸರು, ದಿನಾಂಕ, ವಾದ್ಯದ ವಿವರ ಬರೆದಿಡಿ.

ನಮ್ಮ ವಾದ್ಯಗಳ ರಕ್ಷಣೆ

ಚರ್ಚಿನ ದಾಸ್ತಾನು ಪುಸ್ತಕದಲ್ಲಿ ಪ್ರತಿ ವಾದ್ಯದ ಕಂಪೆನಿ, ಮಾಡೆಲ್, ಸೀರಿಯಲ್ ನಂಬರ್, ಕೊಂಡ ದಿನಾಂಕ, ಬೆಲೆ ಬರೆದಿರಬೇಕು. ಮುಂಭಾಗ, ಹಿಂಭಾಗ ಹಾಗೂ ಗೀರು, ಒಡಕು, ದುರಸ್ತಿಯ ಗುರುತುಗಳ ಫೋಟೊ ತೆಗೆದು ಚರ್ಚ್ ಕಚೇರಿಯಲ್ಲೂ ಇನ್ನೊಂದು ಕಡೆಯಲ್ಲೂ ಇಡಬೇಕು. ಕೀಬೋರ್ಡಿನ ತಳದಲ್ಲಿ, ಪೆಟ್ಟಿಗೆಯ ಒಳಗೆ ಸುಲಭವಾಗಿ ಅಳಿಸಲಾಗದಂತೆ ಚರ್ಚಿನ ಹೆಸರು ಬರೆಯಬಹುದು. ಬೆಲೆಬಾಳುವ ಹಳೆಯ ವಾದ್ಯದ ಮೈಮೇಲೆ ಮಾತ್ರ ಕೆತ್ತಬಾರದು, ಅದರಿಂದ ಬೆಲೆಯೂ ನಾದವೂ ಕೆಡಬಹುದು.

ವಾದ್ಯ ಯಾರ ವಶದಲ್ಲಿದೆ ಎಂಬುದಕ್ಕೆ ಸಹಿ ಪುಸ್ತಕವಿರಲಿ. ಬೀಗದ ಕೈ ಎಷ್ಟು ಜನರ ಬಳಿಯಿದೆ ಎಂಬುದು ಚರ್ಚಿನ ಧರ್ಮಗುರುಗಳಿಗೆ ತಿಳಿದಿರಲಿ. ಕಾರ್ಯಕ್ರಮ ಮುಗಿಸಿ ಬರುವಾಗ ಊಟಕ್ಕೆ ಇಳಿದರೆ ಒಬ್ಬರು ವಾಹನದಲ್ಲೇ ಉಳಿಯಲಿ.

ಕಳವಾದರೆ ಏನು ಮಾಡಬೇಕು?

ತಡಮಾಡದೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಎಫ್‌ಐಆರ್ ದಾಖಲಿಸಬೇಕು. ಈಗ ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ಇಲೆಕ್ಟ್ರಾನಿಕ್ ವಿಧಾನದಲ್ಲಿ ಕೊಟ್ಟರೆ 3 ದಿನಗಳೊಳಗೆ ಸಹಿ ಹಾಕಬೇಕು. ಎಫ್‌ಐಆರ್‌ನ ಪ್ರತಿ ಉಚಿತವಾಗಿ ಸಿಗಬೇಕು. ಮಾನ ಹೋಗುತ್ತದೆಂದು ವಿಷಯ ಮುಚ್ಚಿಡುವುದು ಕಳ್ಳನಿಗೆ ಅನುಕೂಲ. ದುರಸ್ತಿ ಅಂಗಡಿಗಳಿಗೆ, ಬ್ಯಾಂಡಿನವರಿಗೆ, ಗುಜರಿ ವ್ಯಾಪಾರಿಗಳಿಗೆ, ನೆರೆಯ ಧರ್ಮಕೇಂದ್ರಗಳಿಗೆ ಫೋಟೊ ಹಾಗೂ ಸೀರಿಯಲ್ ನಂಬರ್ ಕಳುಹಿಸಿ. ಆನ್‌ಲೈನ್ ಜಾಹೀರಾತಿನಲ್ಲಿ ನಿಮ್ಮ ವಾದ್ಯ ಕಂಡರೆ ನೀವೇ ಕೊಳ್ಳಲು ಹೋಗದೆ ಪೊಲೀಸರಿಗೆ ತಿಳಿಸಿ.

ವಾದ್ಯ ಸಿಕ್ಕಿದರೆ ಮೊಕದ್ದಮೆ ಮುಗಿಯುವವರೆಗೆ ಅದು ಠಾಣೆಯ ಮೂಲೆಯಲ್ಲಿ ಕೊಳೆಯಬೇಕಾಗಿಲ್ಲ. 2002ರಲ್ಲಿ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಸೊತ್ತಿನ ಫೋಟೊ ಮತ್ತು ಮಹಜರು ಮಾಡಿ, ಮುಚ್ಚಳಿಕೆ ಬರೆಸಿಕೊಂಡು ಒಡೆಯನಿಗೆ ಬೇಗನೆ ಒಪ್ಪಿಸಬೇಕೆಂದು ಹೇಳಿದೆ. ಇದಕ್ಕಾಗಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ಆಗಲೂ ನೆರವಿಗೆ ಬರುವುದು ಬಿಲ್ಲು, ಫೋಟೊ ಮತ್ತು ಸೀರಿಯಲ್ ನಂಬರ್.

ಮರಳಿಸುವ ಹೊಣೆ

'ಕದಿಯಬೇಡ' ಎಂಬ ಆಜ್ಞೆಯನ್ನು ನಾವೆಲ್ಲರೂ ಬಾಲ್ಯದಲ್ಲೇ ಕಲಿತವರು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2412ನೇ ಕಂಡಿಕೆಯು ಕದ್ದದ್ದನ್ನು ಒಡೆಯನಿಗೆ ಮರಳಿಸಬೇಕೆಂದು ಬೋಧಿಸುತ್ತದೆ. ಕದ್ದವನಿಗಷ್ಟೇ ಅಲ್ಲದೆ ತಿಳಿದೂ ಅದರಿಂದ ಲಾಭ ಪಡೆದವರಿಗೂ ಈ ಹೊಣೆಯಿದೆ. ದೇವರ ಸ್ತುತಿಗೆಂದು ಬಳಸಿದರೂ ಪರರ ವಾದ್ಯ ಪರರದ್ದೇ.

ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಸುಮಾರು 30 ಪೌಂಡ್ ಕೊಟ್ಟು ಕೊಂಡಿದ್ದ ಬೇಸ್ ಗಿಟಾರ್ 1972ರಲ್ಲಿ ಲಂಡನ್ನಿನಲ್ಲಿ ನಿಲ್ಲಿಸಿದ್ದ ವ್ಯಾನಿನಿಂದ ಕಳವಾಗಿತ್ತು. ಅಭಿಮಾನಿಗಳ ಹುಡುಕಾಟದ ಸುದ್ದಿ ಕೇಳಿ, ತಮ್ಮ ಅಟ್ಟದಲ್ಲಿ ಅದು ಇರುವುದನ್ನು ಕಂಡುಕೊಂಡ ಕುಟುಂಬವೊಂದು ಒಡೆಯರಿಗೆ ತಲುಪಿಸಿತು. ಅದೇ ಗಿಟಾರ್ ಎಂಬುದು 2024ರ ಫೆಬ್ರವರಿಯಲ್ಲಿ ಖಚಿತವಾಯಿತು. ನಮ್ಮ ಚರ್ಚಿನ ಅಟ್ಟದಲ್ಲಿ, ಕಪಾಟಿನಲ್ಲಿ ಎಲ್ಲಿಂದ ಬಂತೆಂದು ಯಾರಿಗೂ ತಿಳಿಯದ ವಾದ್ಯವಿದ್ದರೆ ಅದರ ನಂಬರ್ ನೋಡಿ, ಹಿರಿಯರಲ್ಲಿ ವಿಚಾರಿಸಿ. ಬೇರೆಯವರದ್ದೆಂದು ತಿಳಿದುಬಂದರೆ ಚರ್ಚಿನ ಧರ್ಮಗುರುಗಳ ಗಮನಕ್ಕೆ ತಂದು, ಪೊಲೀಸರ ಮೂಲಕ ಅದನ್ನು ಒಡೆಯರಿಗೆ ಮರಳಿಸಿ.